ಮಾರ್ಜರಿ ಪೋಸ್ಟ್ ಮತ್ತು ಆಕೆಯ ಎರಡು ಮಹಲುಗಳು

ನಾನು ವಾಸಿಸುವ ಫ್ಲಶಿಂಗ್‌ನ ಮೂಲಕ ಹಾದುಹೋಗುವ ನಾರ್ದರ್ನ್ ಬುಲ್ವಾರ್ಡ್ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ, ಬ್ರೂಕ್‌ವಿಲ್ ಎಂಬಲ್ಲಿ ಲಾಂಗ್ ಐಲ್ಯಾಂಡ್ ವಿಶ್ವವಿದ್ಯಾಲಯದ ಆವರಣ ಎದುರಾಗುತ್ತದೆ. ಅಲ್ಲಿರುವ ಟ್ಯೂಡರ್ ಶೈಲಿಯ ಹಳೆಯ ಮಹಲನ್ನು ರೂಪಿಸಿದವರು ಮಾರ್ಜರಿ ಮೆರಿವೆದರ್ ಪೋಸ್ಟ್ (1887–1973). ಫ್ಲಾರಿಡಾದ ಪ್ರಖ್ಯಾತ ಮಾರ್-ಅ-ಲಾಗೊ ಕೂಡ ಆಕೆಯದೇ ನಿರ್ಮಾಣ.

ಈ ಸಿರಿಯ ಮೂಲವು ವೈದ್ಯನಾದ ನನ್ನ ಕುತೂಹಲವನ್ನು ಕೆರಳಿಸುತ್ತದೆ. ಆಕೆಯ ತಂದೆ ಸಿ. ಡಬ್ಲ್ಯೂ. ಪೋಸ್ಟ್ 1891ರಲ್ಲಿ ರೋಗಿಯಾಗಿ ಬ್ಯಾಟಲ್ ಕ್ರೀಕ್‌ನ ಡಾ. ಜಾನ್ ಹಾರ್ವೆ ಕೆಲಾಗ್ ಅವರ ಆರೋಗ್ಯಧಾಮವನ್ನು ಸೇರಿದರು. ಅಲ್ಲಿ ಕಂಡ ಪಥ್ಯಾಹಾರವನ್ನೇ ಉದ್ಯಮವಾಗಿಸಿ, 1895ರಲ್ಲಿ ಕಾಫಿಗೆ ಬದಲಾಗಿ ಪೋಸ್ಟಮ್ ಎಂಬ ಧಾನ್ಯಪೇಯವನ್ನೂ, 1897ರಲ್ಲಿ ಗ್ರೇಪ್-ನಟ್ಸ್ ತಿನಿಸನ್ನೂ ಮಾರುಕಟ್ಟೆಗೆ ತಂದರು. ಈ ತಿನಿಸು ಅಪೆಂಡಿಸೈಟಿಸ್ ಅನ್ನು ತಡೆಯುತ್ತದೆಂದು ಜಾಹೀರಾತು ನೀಡಿದ ಅವರೇ 1914ರಲ್ಲಿ ಆ ರೋಗದ ಶಂಕೆಯಿಂದ ಶಸ್ತ್ರಚಿಕಿತ್ಸೆಗೆ ಒಳಗಾದರು. ಅದೇ ಮೇ ತಿಂಗಳಲ್ಲಿ ತಾವಾಗಿಯೇ ಜೀವ ಕಳೆದುಕೊಂಡರು. ಒಬ್ಬಳೇ ಮಗಳಾದ ಮಾರ್ಜರಿ 27ನೆಯ ವಯಸ್ಸಿನಲ್ಲಿ ಉದ್ಯಮದ ಒಡತಿಯಾದರು. ಆದರೆ ಮುಂದೆ ಜನರಲ್ ಫುಡ್ಸ್ ಎಂದು ಹೆಸರಾದ ಆ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಆಕೆಗೆ ಸ್ಥಾನ ದೊರೆತದ್ದು 1936ರಲ್ಲಿ.

ಮಾರ್-ಅ-ಲಾಗೊ ಎಂದರೆ ಸ್ಪ್ಯಾನಿಷ್‌ನಲ್ಲಿ ಕಡಲಿನಿಂದ ಸರೋವರದವರೆಗೆ ಎಂದರ್ಥ. ಅಟ್ಲಾಂಟಿಕ್ ಸಾಗರಕ್ಕೂ ಲೇಕ್ ವರ್ತ್‌ಗೂ ನಡುವಣ 17 ಎಕರೆ ನೆಲದಲ್ಲಿ, ಮರಿಯನ್ ಸಿಮ್ಸ್ ವೈಎತ್ ಮತ್ತು ಜೋಸೆಫ್ ಅರ್ಬನ್ ಅವರ ವಿನ್ಯಾಸದಂತೆ, 1924ರಿಂದ 1927ರವರೆಗೆ ನಿರ್ಮಾಣ ಸಾಗಿತು. ಗೋಡೆಗಳಿಗೆ ಇಟಲಿಯ ಜಿನೋವಾದಿಂದ ಕಲ್ಲು ಬಂದಿತು. ನೂರಕ್ಕೂ ಹೆಚ್ಚು ಕೋಣೆಗಳ ಈ ಸೌಧ ಅಮೆರಿಕದ ಅಧ್ಯಕ್ಷರ ಚಳಿಗಾಲದ ನಿವಾಸವಾಗಬೇಕೆಂಬ ಬಯಕೆಯಿಂದ ಆಕೆ ಅದನ್ನು ಸರಕಾರಕ್ಕೆ ಬರೆದಿಟ್ಟು ಕಣ್ಮುಚ್ಚಿದರು. ನಿರ್ವಹಣೆಯ ವೆಚ್ಚ ಹೊರೆಯಾಗಿ ಸರಕಾರ 1981ರಲ್ಲಿ ಅದನ್ನು ಪೋಸ್ಟ್ ಪ್ರತಿಷ್ಠಾನಕ್ಕೆ ಹಿಂದಿರುಗಿಸಿತು. 1985ರಲ್ಲಿ ಕೊಂಡ ಡೊನಾಲ್ಡ್ ಟ್ರಂಪ್ ಮುಂದೆ ಅಧ್ಯಕ್ಷರಾದದ್ದರಿಂದ ಆಕೆಯ ಬಯಕೆ ಆಕೆ ಎಣಿಸದ ದಾರಿಯಲ್ಲಿ ಈಡೇರಿತು.

ಬ್ರೂಕ್‌ವಿಲ್‌ನ ಮಹಲಿನ ಗತಿ ಬೇರೆ. ಅದನ್ನು ಮಾರ್ಜರಿ ಬದುಕಿರುವಾಗಲೇ ಬಿಟ್ಟುಕೊಟ್ಟರು. 1954ರಲ್ಲಿ ಅಲ್ಲಿ ಆಕೆಯ ತಂದೆಯ ಹೆಸರಿನ ಕಾಲೇಜು ಸ್ಥಾಪನೆಯಾಯಿತು. ಏಳು ದಶಕಗಳಿಂದ ವಿದ್ಯಾರ್ಥಿಗಳು ಆ ಅಂಗಳವನ್ನು ತುಳಿಯುತ್ತಿದ್ದಾರೆ.

ಊರಿನಲ್ಲಿ ನನ್ನ ತಂದೆ ಕಟ್ಟಿಸಿದ ಮನೆಗೆ ಹನ್ನೊಂದು ವರ್ಷಗಳಿಂದ ಬೀಗ ಬಿದ್ದಿದೆ. ಓದಲು ಬರುವ ಹಳ್ಳಿಯ ಹೆಣ್ಣುಮಕ್ಕಳ ವಸತಿಗೆ ಅದನ್ನು ಕೊಡುವಿರಾ ಎಂದು ಅಲ್ಲಿನ ಹಿರಿಯರೊಬ್ಬರು ಕೇಳಿ ಎರಡು ವರ್ಷಗಳಾದವು. ನಮ್ಮ ಮಕ್ಕಳು ಎಂದಾದರೂ ಹಿಂದಿರುಗಿಯಾರು ಎಂಬ ಆಸೆಯಿಂದ ನಾನು ಉತ್ತರಿಸಿರಲಿಲ್ಲ. ಕಳೆದ ತಿಂಗಳು ಬ್ರೂಕ್‌ವಿಲ್‌ಗೆ ಹೋಗಿಬಂದ ರಾತ್ರಿ ಅವರಿಗೆ ಒಪ್ಪಿಗೆಯ ಪತ್ರ ಬರೆದೆ.