ಸಾಮ್ರಾಟ ಅಶೋಕ: ಇಸಿಲದ ಶಾಸನ ಮತ್ತು ಜೀವರಕ್ಷಣೆಯ ಆಜ್ಞೆಗಳು

ಮೌರ್ಯ ಸಾಮ್ರಾಟ ಅಶೋಕನು (ಆಳ್ವಿಕೆ ಸುಮಾರು ಕ್ರಿ.ಪೂ. 268–232) ಸಾಲುಮರಗಳನ್ನು ನೆಡಿಸಿ ಬಾವಿಗಳನ್ನು ತೋಡಿಸಿದನೆಂಬುದು ನಾಡಿನ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದಿರುವ ವಿಷಯ. ಆದರೆ ಆತನ ಆಜ್ಞೆಗಳನ್ನು ಕೊರೆದಿರುವ ಬಂಡೆಗಳಲ್ಲಿ ಮೂರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ದೇವಸಮುದ್ರ, ರಾಂಪುರ, ಸಿದ್ದಾಪುರಗಳ ಸುತ್ತಿನ ಗುಡ್ಡಸಾಲಿನಲ್ಲಿವೆ ಎಂಬ ಸಂಗತಿ ಅಷ್ಟು ಪ್ರಚಾರದಲ್ಲಿಲ್ಲ. ಮರ, ನೀರು, ಪ್ರಾಣಿ ಮತ್ತು ಪಕ್ಷಿಗಳ ವಿಷಯದಲ್ಲಿ ಈ ಅರಸನು ಏನನ್ನು ಮಾಡಿದನು, ಯಾವುದು ಆತನಿಂದ ಸಾಧ್ಯವಾಗಲಿಲ್ಲ, ಅವುಗಳಲ್ಲಿ ಯಾವ ಮಾತು ಈ ಬಯಲುಸೀಮೆಗೆ ತಲುಪಿತು ಎಂಬುದನ್ನು ಶಾಸನಗಳ ಆಧಾರದ ಮೇಲೆ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಆರಂಭದ ಜೀವನ ಮತ್ತು ರಾಜಧಾನಿ

ಅಶೋಕನು ಮೌರ್ಯ ವಂಶದ ಸ್ಥಾಪಕನಾದ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ. ರಾಜಕುಮಾರನಾಗಿದ್ದಾಗ ಉಜ್ಜಯಿನಿಯಲ್ಲಿ ರಾಜಪ್ರತಿನಿಧಿಯಾಗಿದ್ದನೆಂದೂ, ವಿದಿಶೆಯ ದೇವಿ ಎಂಬಾಕೆಯಲ್ಲಿ ಆತನಿಗೆ ಮಹೇಂದ್ರ ಮತ್ತು ಸಂಘಮಿತ್ರೆ ಜನಿಸಿದರೆಂದೂ ಸಿಂಹಳದ ಬೌದ್ಧ ಗ್ರಂಥಗಳು ತಿಳಿಸುತ್ತವೆ. ಸಿಂಹಾಸನಕ್ಕಾಗಿ ಸಹೋದರರನ್ನು ಕೊಂದನೆಂಬ ಕಥೆಗಳಲ್ಲಿ ಉತ್ಪ್ರೇಕ್ಷೆಯೇ ಹೆಚ್ಚಾಗಿರುವುದರಿಂದ ಅವುಗಳನ್ನು ಇಲ್ಲಿ ವಿಸ್ತರಿಸಿಲ್ಲ.

ಆತನ ರಾಜಧಾನಿ ಪಾಟಲಿಪುತ್ರ, ಅಂದರೆ ಇಂದಿನ ಪಟ್ನಾ, ಗಂಗಾ ಮತ್ತು ಶೋಣ ನದಿಗಳ ಸಂಗಮದಲ್ಲಿದ್ದ ಮಹಾನಗರ. ಅಶೋಕನ ಅಜ್ಜನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಾಸ್ತನೀಸನ ಲೆಕ್ಕವನ್ನು ಇಂದಿನ ಅಳತೆಗೆ ಪರಿವರ್ತಿಸಿದರೆ ಅದರ ಉದ್ದ ಸುಮಾರು 14 ಕಿ.ಮೀ., ಅಗಲ ಎರಡೂವರೆ ಕಿ.ಮೀ.ಗೂ ಹೆಚ್ಚು ಆಗುತ್ತದೆ. ನಗರದ ಸುತ್ತ ಮರದ ದಿಮ್ಮಿಗಳ ಕೋಟೆಯಿದ್ದು, ಅದರಲ್ಲಿ 64 ದ್ವಾರಗಳೂ 570 ಬುರುಜುಗಳೂ ಇದ್ದುವೆಂದು ಆತನು ತಿಳಿಸಿದ್ದಾನೆ. ಪಟ್ನಾದ ಉತ್ಖನನಗಳಲ್ಲಿ ಇಂತಹ ಮರದ ಕೋಟೆಯ ಅವಶೇಷಗಳು ದೊರೆತಿವೆ. ಇಷ್ಟು ಉದ್ದದ ಮರದ ಗೋಡೆಗೆ ಎಷ್ಟು ಅರಣ್ಯ ಉರುಳಿರಬೇಕೆಂಬುದನ್ನು ಓದುಗರೇ ಊಹಿಸಬಹುದು. ಮಹಾನಗರವೊಂದು ತನ್ನ ಸುತ್ತಿನ ಕಾಡು, ನೀರು ಮತ್ತು ಪ್ರಾಣಿಸಂಕುಲವನ್ನು ಬಳಸಿಕೊಂಡು ಬೆಳೆಯುವ ಬಗೆ ಅಂದಿಗೂ ಇಂದಿಗೂ ಬಹಳ ಬೇರೆಯಲ್ಲ.

ಅರಮನೆಯ ಅಡುಗೆಮನೆಯೇ ಇದಕ್ಕೆ ನಿದರ್ಶನ. ಮೊದಲು ಅಲ್ಲಿ ಪ್ರತಿದಿನವೂ ಲಕ್ಷಾಂತರ ಪ್ರಾಣಿಗಳು ಸಾರಿಗಾಗಿ ವಧೆಯಾಗುತ್ತಿದ್ದವೆಂದು ಅಶೋಕನೇ ತನ್ನ ಒಂದನೇ ಬಂಡೆಶಾಸನದಲ್ಲಿ ತಿಳಿಸುತ್ತಾನೆ. ಸಂಖ್ಯೆಯಲ್ಲಿ ಅತಿಶಯವಿರಬಹುದು. ಆದರೆ ತನ್ನ ಮನೆಯ ಲೆಕ್ಕವನ್ನು ಅರಸನೊಬ್ಬನು ಹೀಗೆ ಬಹಿರಂಗವಾಗಿ ಬಂಡೆಯ ಮೇಲೆ ಬರೆಯಿಸಿದುದು ಅಪರೂಪ. ಶಾಸನ ಹೊರಟ ಕಾಲಕ್ಕೆ ಆ ಸಂಖ್ಯೆ ಎರಡು ನವಿಲು ಮತ್ತು ಒಂದು ಜಿಂಕೆಗೆ ಇಳಿದಿತ್ತು, ಜಿಂಕೆಯೂ ನಿತ್ಯವಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲವೆಂಬ ಭರವಸೆಯೂ ಅದರಲ್ಲಿದೆ.

ಕಳಿಂಗ ಯುದ್ಧ

ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದಾಗ ಅಶೋಕನು ಇಂದಿನ ಒಡಿಶಾದ ಕರಾವಳಿಯಲ್ಲಿದ್ದ ಕಳಿಂಗವನ್ನು ಗೆದ್ದನು. ಒಂದೂವರೆ ಲಕ್ಷ ಜನರು ಸೆರೆಯಾಗಿ ಬೇರೆಡೆಗೆ ಒಯ್ಯಲ್ಪಟ್ಟರೆಂದೂ, ಒಂದು ಲಕ್ಷ ಜನರು ಹತರಾದರೆಂದೂ, ಅದರ ಅನೇಕ ಪಟ್ಟು ಜನರು ಬಳಿಕ ಸತ್ತರೆಂದೂ 13ನೇ ಬಂಡೆಶಾಸನದಲ್ಲಿ ದಾಖಲಾಗಿದೆ. ಗೆದ್ದವನೇ ತನ್ನ ಗೆಲುವಿನ ಬಗ್ಗೆ ಪಶ್ಚಾತ್ತಾಪವನ್ನು ವ್ಯಕ್ತಪಡಿಸಿರುವುದು ಈ ಶಾಸನದ ವಿಶೇಷ.

ಅದೇ ಶಾಸನದಲ್ಲಿ ಸಾಮಾನ್ಯವಾಗಿ ಪಠ್ಯಪುಸ್ತಕಗಳು ಬಿಟ್ಟುಬಿಡುವ ಮತ್ತೊಂದು ಅಂಶವಿದೆ. ಸಾಮ್ರಾಜ್ಯದ ಕಾಡುಗಳಲ್ಲಿ ವಾಸಿಸುವ ಜನರಿಗೆ ಅರಸನು ಮೃದುವಾಗಿಯೇ ತಿಳಿಯಹೇಳುತ್ತಾನಾದರೂ, ತನ್ನ ಬಲವು ಕುಗ್ಗಿಲ್ಲವೆಂದೂ, ತಪ್ಪಿ ನಡೆದರೆ ದಂಡನೆ ತಪ್ಪದೆಂದೂ ಎಚ್ಚರಿಸುತ್ತಾನೆ. ಕಾಡಿನ ಪ್ರಾಣಿಗೆ ದೊರೆತ ಅಭಯ ಕಾಡಿನ ಮನುಷ್ಯನಿಗೆ ಅಷ್ಟೇ ಸ್ಪಷ್ಟವಾಗಿ ದೊರೆಯಲಿಲ್ಲ. ಅಶೋಕನನ್ನು ಪರಿಸರದ ದೃಷ್ಟಿಯಿಂದ ಸ್ಮರಿಸುವಾಗ ಇದನ್ನು ಮರೆಮಾಚುವುದು ಸರಿಯಲ್ಲ.

ಪಟ್ಟಾಭಿಷೇಕದ ಹತ್ತನೇ ವರ್ಷದಲ್ಲಿ ಆತನು ಬೋಧಿವೃಕ್ಷದ ದರ್ಶನಕ್ಕೆ ತೆರಳಿದನು. ಹಿಂದಿನ ಅರಸರ ಬೇಟೆಯ ವಿಹಾರಗಳು ಅಂದಿನಿಂದ ನಿಂತು, ಹಿರಿಯರ ದರ್ಶನ, ದಾನ ಮತ್ತು ಹಳ್ಳಿಗರ ಭೇಟಿಗೆ ಮೀಸಲಾದ ಧರ್ಮಯಾತ್ರೆಗಳು ಆರಂಭವಾದವು.

ಇಸಿಲಕ್ಕೆ ಬಂದ ಆಜ್ಞೆ

ಈ ಅವಧಿಗೆ ಸೇರಿದ ಕಿರು ಬಂಡೆಶಾಸನಗಳೇ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ದೊರೆತಿರುವ ಶಾಸನಗಳು. ಚಿನ್ನಹಗರಿಯ ಬಳಿ, ಬ್ರಹ್ಮಗಿರಿಯ ತಪ್ಪಲಿನಲ್ಲಿ ಅಂದು ಇಸಿಲ ಎಂಬ ಪಟ್ಟಣವಿತ್ತು. ಮಳೆ ಕಡಿಮೆಯಿರುವ, ಬಂಡೆಗುಂಡುಗಳಿಂದ ಕೂಡಿದ ಈ ಪ್ರದೇಶವು ಮೌರ್ಯ ಸಾಮ್ರಾಜ್ಯದ ದಕ್ಷಿಣದ ಅಂಚಿಗೆ ಸಮೀಪವಾಗಿತ್ತು.

ಶಾಸನದ ರೂಪವು ಇಂದಿನ ಕಚೇರಿಯ ಸುತ್ತೋಲೆಯನ್ನು ನೆನಪಿಸುತ್ತದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಹಾಗೂ ಮಹಾಮಾತ್ರರ ಕಡೆಯಿಂದ ಇಸಿಲದ ಮಹಾಮಾತ್ರರಿಗೆ ಅದು ಬಂದಿದೆ. ಮೊದಲು ಇಸಿಲದ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಿ, ಅನಂತರ ಅರಸನ ಆಜ್ಞೆಯನ್ನು ತಿಳಿಸಲಾಗಿದೆ. ಸುವರ್ಣಗಿರಿಯು ಕೊಪ್ಪಳ ಜಿಲ್ಲೆಯ ಕನಕಗಿರಿಯೆಂದು ಕೆಲವು ವಿದ್ವಾಂಸರೂ, ಆಂಧ್ರಪ್ರದೇಶದ ಜೊನ್ನಗಿರಿಯೆಂದು ಮತ್ತೆ ಕೆಲವರೂ ಅಭಿಪ್ರಾಯಪಡುತ್ತಾರೆ.

ಆಜ್ಞೆಯ ಮೊದಲ ಭಾಗದಲ್ಲಿ ಅರಸನು ತನ್ನ ವಿಷಯವನ್ನೇ ಹೇಳಿಕೊಳ್ಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲವಾಯಿತೆಂದೂ, ಮೊದಲ ಒಂದು ವರ್ಷ ಹೆಚ್ಚಿನ ಶ್ರಮ ವಹಿಸಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಬಳಿಕ ಶ್ರಮಿಸಿದೆನೆಂದೂ, ಇದರ ಫಲವು ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ದೊರೆಯುತ್ತದೆಂದೂ ತಿಳಿಸುತ್ತಾನೆ. ಎರಡನೆಯ ಭಾಗವು ನಡತೆಗೆ ಸಂಬಂಧಿಸಿದ್ದು. ತಾಯಿತಂದೆಯರ ಸೇವೆ, ಸತ್ಯ ನುಡಿಯುವುದು, ಶಿಷ್ಯನು ಗುರುವನ್ನು ಗೌರವಿಸುವುದು, ಬಂಧುಗಳೊಡನೆ ಯೋಗ್ಯವಾಗಿ ವರ್ತಿಸುವುದು, ಇವುಗಳ ಜೊತೆಯಲ್ಲಿ ಪ್ರಾಣಿಗಳ ವಿಷಯದಲ್ಲಿ ದಯೆಯು ದೃಢವಾಗಿರಬೇಕೆಂಬ ಸೂಚನೆಯಿದೆ.

ಮರ ನೆಡುವ ಮಾತಾಗಲಿ, ಬಾವಿ ತೋಡಿಸುವ ಮಾತಾಗಲಿ ಇಸಿಲದ ಶಾಸನದಲ್ಲಿ ಇಲ್ಲ. ಕಾಡು ಸುಡಬಾರದೆಂಬ ಕಟ್ಟಳೆಯೂ ಇಲ್ಲ. ಇಲ್ಲಿಗೆ ಬಂದುದು ಜೀವದಯೆಯ ಒಂದೇ ಮಾತು. ಅದೂ ಮನೆಯ ಹಿರಿಯರನ್ನು ಆದರಿಸುವ ಮಾತಿನ ಸಾಲಿನಲ್ಲೇ. ಪ್ರಾಣಿದಯೆಯನ್ನು ಪ್ರತ್ಯೇಕ ವ್ರತವೆಂದು ಎತ್ತಿ ಹೇಳದೆ ದಿನನಿತ್ಯದ ನಡತೆಯ ಭಾಗವಾಗಿ ಎಣಿಸಿರುವುದು ಗಮನಾರ್ಹ. ಗಡಿಯಾಚೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಪಾಠದಿಂದ ಈ ಸಂದೇಶವು ಹಳ್ಳಿಗಳಿಗೆ ತಲುಪಿದ ಕ್ರಮ ತಿಳಿದುಬರುತ್ತದೆ: ರಜ್ಜುಕ ಎಂಬ ಅಧಿಕಾರಿಯು ಭೇರಿಯನ್ನು ಬಾರಿಸಿ ಜನರಿಗೆ ಸಾರಬೇಕಾಗಿತ್ತು. ಓದುಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಬಂಡೆಗಿಂತ ಭೇರಿಯೇ ಹೆಚ್ಚು ಕೆಲಸ ಮಾಡಿರಬೇಕು.

ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಇದನ್ನು ಬರೆದ ಲಿಪಿಕಾರನ ಹೆಸರು ಚಪಡ. ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ಆತನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಈ ಬಯಲುಸೀಮೆಯಲ್ಲಿ ಅದನ್ನು ಓದಬಲ್ಲವರು ಯಾರಿದ್ದರೋ ತಿಳಿಯದು.

ಮರ, ಬಾವಿ ಮತ್ತು ಔಷಧಿ

ಮರ ಮತ್ತು ನೀರಿನ ವಿಷಯ ಬರುವುದು ಎರಡನೇ ಬಂಡೆಶಾಸನದಲ್ಲಿ. ಹದಿನಾಲ್ಕು ಬಂಡೆಶಾಸನಗಳ ಪೂರ್ಣ ಪಾಠವು ನಮಗೆ ಸಮೀಪದಲ್ಲಿ ಎರ್ರಗುಡಿಯಲ್ಲಿದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ಔಷಧಿ ಸಸ್ಯಗಳು, ಬೇರುಗಳು, ಹಣ್ಣಿನ ಗಿಡಗಳು ಇಲ್ಲದ ಕಡೆ ಅವುಗಳನ್ನು ತರಿಸಿ ನೆಡಿಸುವುದು, ದಾರಿಗಳಲ್ಲಿ ಬಾವಿ ಮತ್ತು ಮರಗಳು, ಇವು ಅದರ ವಿಷಯ. ಸ್ವಂತ ರಾಜ್ಯದಲ್ಲಿ ಮಾತ್ರವಲ್ಲದೆ ಚೋಳ, ಪಾಂಡ್ಯ, ಕೇರಳಪುತ್ರ, ತಾಮ್ರಪರ್ಣಿ ಮುಂತಾದ ನೆರೆಯ ನಾಡುಗಳಲ್ಲಿಯೂ ಈ ವ್ಯವಸ್ಥೆ ಮಾಡಲಾಗಿದೆಯೆಂದು ಅರಸನು ಹೇಳಿಕೊಂಡಿದ್ದಾನೆ.

ನೀರಾವರಿಯಲ್ಲಿಯೂ ಆತನ ಆಡಳಿತದ ಪಾತ್ರವಿತ್ತು. ಗುಜರಾತಿನ ಗಿರಿನಾರದ ಸುದರ್ಶನ ಕೆರೆಯನ್ನು ಚಂದ್ರಗುಪ್ತನ ಅಧಿಕಾರಿಯಾದ ಪುಷ್ಯಗುಪ್ತನು ಕಟ್ಟಿಸಿದನೆಂದೂ, ಅಶೋಕನ ಪರವಾಗಿ ಆಳುತ್ತಿದ್ದ ತುಷಾಸ್ಫನು ಅದಕ್ಕೆ ಕಾಲುವೆಗಳನ್ನು ಮಾಡಿಸಿದನೆಂದೂ ರುದ್ರದಾಮನ ಶಾಸನದಿಂದ (ಸುಮಾರು ಕ್ರಿ.ಶ. 150) ತಿಳಿದುಬರುತ್ತದೆ. ಕೆರೆ ಕಟ್ಟಿದವನ ಹೆಸರಿನಷ್ಟೇ ತೂಬು ಕಾಲುವೆಗಳನ್ನು ನೋಡಿಕೊಂಡವನ ಹೆಸರೂ ನಾಲ್ಕು ಶತಮಾನಗಳ ಕಾಲ ನೆನಪಿನಲ್ಲಿ ಉಳಿದಿತ್ತು. ದೇವಸಮುದ್ರದಂತೆ ಸಮುದ್ರ ಎಂದು ಕೊನೆಗೊಳ್ಳುವ ಹೆಸರುಗಳು ನಮ್ಮ ಸೀಮೆಯಲ್ಲಿ ಸಾಮಾನ್ಯವಾಗಿ ಕೆರೆಯಿಂದ ಬಂದವು ಎಂಬುದನ್ನು ಬಲ್ಲವರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಳೆಯೋ, ಮನವೊಲಿಕೆಯೋ?

ಆಳ್ವಿಕೆಯ ಉತ್ತರಾರ್ಧದಲ್ಲಿ, ಪಟ್ಟಾಭಿಷೇಕದ 26ನೇ ವರ್ಷ, ಅಶೋಕನು ಐದನೇ ಸ್ತಂಭಶಾಸನವನ್ನು ಹೊರಡಿಸಿದನು. ಕೊಲ್ಲಬಾರದ ಜೀವಿಗಳ ದೀರ್ಘವಾದ ಪಟ್ಟಿ ಅದರಲ್ಲಿದೆ: ಗಿಳಿ, ಗೊರವಂಕ, ಚಕ್ರವಾಕ, ಹಂಸ, ಬಾವಲಿ, ಆಮೆ, ಮುಳ್ಳುಹಂದಿ, ಅಳಿಲು, ಪಾರಿವಾಳ, ಒಂದು ಬಗೆಯ ಇರುವೆ, ಹಾಗೂ ಬಳಕೆಗೂ ಆಹಾರಕ್ಕೂ ಬಾರದ ಎಲ್ಲ ನಾಲ್ಕು ಕಾಲಿನ ಪ್ರಾಣಿಗಳು. ಗಬ್ಬವಾದ ಅಥವಾ ಹಾಲೂಡುತ್ತಿರುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಮರಿಗಳನ್ನೂ ಕೊಲ್ಲುವಂತಿರಲಿಲ್ಲ. ನಿಗದಿಯಾದ ತಿಥಿಗಳಂದು ಮೀನು ಹಿಡಿದು ಮಾರುವುದಕ್ಕೂ ನಿಷೇಧವಿತ್ತು.

ಸ್ವೇಚ್ಛೆಯಾಗಿ ಬಿಟ್ಟ ಗೂಳಿಗಳೂ ಈ ಪಟ್ಟಿಯಲ್ಲಿ ಸೇರಿವೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯಲ್ಲಿ ಮ್ಯಾಸಬೇಡ ಮತ್ತು ಕಾಡುಗೊಲ್ಲ ಸಮುದಾಯದವರು ದೇವರ ಎತ್ತುಗಳನ್ನು ಉಳುಮೆಗೆ ಹೂಡದೆ ಕಾಪಾಡಿಕೊಂಡು ಬಂದಿರುವುದು ಸರ್ವವಿದಿತ. ಇವೆರಡಕ್ಕೂ ನೇರ ಸಂಬಂಧವಿದೆಯೆಂದು ಹೇಳಲು ಆಧಾರವಿಲ್ಲ. ಅರಸನು ಆಜ್ಞಾಪಿಸಿದ ಕೆಲವನ್ನು ಜನರು ತಮ್ಮಷ್ಟಕ್ಕೇ ಪಾಲಿಸಬಲ್ಲರೆಂಬುದು ಮಾತ್ರ ಇದರಿಂದ ಸ್ಪಷ್ಟ.

ಇದೇ ಶಾಸನದಲ್ಲಿ ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂದೂ, ವ್ಯರ್ಥವಾಗಿ ಅಥವಾ ಪ್ರಾಣಿಹಿಂಸೆಗಾಗಿ ಕಾಡಿಗೆ ಬೆಂಕಿಯಿಡಬಾರದೆಂದೂ ವಿಧಿಸಲಾಗಿದೆ. ಈ ಪಾಠವುಳ್ಳ ತೋಪ್ರಾದ ಕಂಬವನ್ನು 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ದೆಹಲಿಗೆ ಸಾಗಿಸಿದನು. ಅದು ಇಂದಿಗೂ ಫಿರೋಜ್ ಷಾ ಕೋಟ್ಲಾದಲ್ಲಿ ನಿಂತಿದೆ. ಸುತ್ತಲಿನ ರಾಜ್ಯಗಳ ಹೊಲಗಳಲ್ಲಿ ಬೆಳೆಯ ಕೂಳೆ ಸುಟ್ಟ ಹೊಗೆಯೂ ಸೇರಿ ಚಳಿಗಾಲದಲ್ಲಿ ಉಸಿರುಕಟ್ಟುವ ಮಹಾನಗರದ ನಡುವೆಯೇ ಈ ಕಂಬವಿರುವುದು ವಿಪರ್ಯಾಸ. ಅಶೋಕನ ಚಿಂತೆ ಹೊಗೆಯದಲ್ಲ, ಹೊಟ್ಟಿನೊಳಗಿನ ಹುಳುಹುಪ್ಪಟೆಗಳದು ಎಂಬುದನ್ನೂ ಹೇಳಬೇಕು.

ಮರುವರ್ಷದ ಏಳನೇ ಸ್ತಂಭಶಾಸನವು ಆ ಕಂಬದ ಮೇಲೆ ಮಾತ್ರ ಕಂಡುಬರುತ್ತದೆ. ಅರಸನು ತನ್ನ ಕೆಲಸಗಳನ್ನು ತಾನೇ ಪರಿಶೀಲಿಸಿದ ದಾಖಲೆ ಅದು. ದಾರಿಗಳಲ್ಲಿ ನೆರಳಿಗಾಗಿ ಆಲದ ಮರಗಳು, ಮಾವಿನ ತೋಪುಗಳು, ಬಾವಿಗಳು, ತಂಗುಮನೆಗಳು, ಅರವಟ್ಟಿಗೆಗಳು, ಎಲ್ಲವನ್ನೂ ಹೇಳಿ, ಇದು ಅಷ್ಟೇನೂ ದೊಡ್ಡದಲ್ಲ, ಹಿಂದಿನ ಅರಸರೂ ಮಾಡಿದ್ದಾರೆ ಎಂದು ಒಪ್ಪಿಕೊಳ್ಳುತ್ತಾನೆ. ಬಳಿಕ, ಧರ್ಮವು ಕಟ್ಟಳೆಗಳಿಂದಲೂ ಮನವೊಲಿಕೆಯಿಂದಲೂ ಬೆಳೆಯುತ್ತದೆ, ಆದರೆ ಕಟ್ಟಳೆಯಿಂದಾಗುವುದು ಅಲ್ಪ ಎಂಬ ನಿರ್ಣಯಕ್ಕೆ ಬರುತ್ತಾನೆ. ಕಟ್ಟಳೆಗೆ ಆತನು ಕೊಡುವ ಉದಾಹರಣೆಯೇ ಪ್ರಾಣಿವಧೆಯ ನಿಷೇಧ. ಒಂದು ವರ್ಷದ ಹಿಂದೆ ಅಷ್ಟು ವಿವರವಾದ ಪಟ್ಟಿಯನ್ನು ಕೆತ್ತಿಸಿದ ಅರಸನು ಹೀಗೆ ಹೇಳಿರುವುದು ಆತನ ಜೀವನದಲ್ಲಿಯೇ ಅತ್ಯಂತ ವಿಚಾರಾರ್ಹವಾದ ಘಟ್ಟ. ಆತನು ಆ ಪಟ್ಟಿಯನ್ನು ಹಿಂತೆಗೆದುಕೊಳ್ಳಲಿಲ್ಲ. ಅದನ್ನೇ ನಂಬಿ ಕುಳಿತುಕೊಳ್ಳಲೂ ಇಲ್ಲ.

ಅಲಹಾಬಾದಿನ ಕಂಬದ ಮೇಲಿನ ಪ್ರತ್ಯೇಕ ಶಾಸನವೊಂದರಲ್ಲಿ ಎರಡನೇ ರಾಣಿ ಕಾರುವಾಕಿಯ ದಾನಗಳ ಉಲ್ಲೇಖವಿದ್ದು, ಅದರಲ್ಲಿ ಮಾವಿನ ತೋಪು ಮತ್ತು ಉದ್ಯಾನಗಳು ಸೇರಿವೆ. ಅಶೋಕನು ಸುಮಾರು ಕ್ರಿ.ಪೂ. 232ರಲ್ಲಿ ನಿಧನನಾದನು. ಅನಂತರ ಅರ್ಧ ಶತಮಾನದೊಳಗೆ ಮೌರ್ಯ ಸಾಮ್ರಾಜ್ಯವು ಕೊನೆಗೊಂಡಿತು.

ಬಂಡೆಗಳ ಇಂದಿನ ಸ್ಥಿತಿ

ಕಾಲಕ್ರಮದಲ್ಲಿ ಬ್ರಾಹ್ಮಿಯನ್ನು ಓದುವವರೇ ಇಲ್ಲವಾದರು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಆ ಲಿಪಿಯ ಗುಟ್ಟನ್ನು ಬಿಡಿಸಿದನು. ಮೈಸೂರು ಸಂಸ್ಥಾನದ ಬಿ.ಎಲ್. ರೈಸ್ ಅವರು ಮೊಳಕಾಲ್ಮೂರು ಸೀಮೆಯ ಮೂರು ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದರು. ಇವುಗಳಲ್ಲಿ ಅರಸನ ಬಿರುದು ಮಾತ್ರವಿದೆ. ಅಶೋಕ ಎಂಬ ಹೆಸರು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನದಲ್ಲಿ ಕಂಡುಬಂದಿತು. 1940ರ ದಶಕದಲ್ಲಿ ಡಾ. ಎಂ.ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಶಾಸನಕ್ಕಿಂತ ಬಹಳ ಹಿಂದೆಯೇ ನವಶಿಲಾಯುಗದ ಜನರು ಇಲ್ಲಿ ನೆಲೆಸಿದ್ದರೆಂಬುದು ಅದರಿಂದ ದೃಢಪಟ್ಟಿತು.

ಓದಲು ಬಾರದಿದ್ದರೂ ಜನರು ಬಂಡೆಗಳನ್ನು ಹೆಸರಿಟ್ಟು ಗುರುತಿಸಿಕೊಂಡಿದ್ದರು. ಬ್ರಹ್ಮಗಿರಿಯದು ಅಕ್ಷರಗುಂಡು. ಜಟಾಯುವಿನ ಐತಿಹ್ಯವುಳ್ಳ ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನದು ಬಳೆಗಾರ ಗುಂಡು. ಜಾತ್ರೆಯ ಕಾಲದಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದರಿಂದ ಈ ಹೆಸರು ಬಂದಿತು. ಅಲ್ಲಿಯ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ.

ಈ ಸ್ಮಾರಕಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ಹಾಗೂ ಅದರ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್‌ವರೆಗೆ ನಿರ್ಮಾಣ ಮತ್ತು ಗಣಿಗಾರಿಕೆಯನ್ನು ನಿಷೇಧಿಸಲಾಗಿದ್ದು, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯವಾಗಿರುತ್ತದೆ. ವೀಕ್ಷಣೆಗೆ ಬರುವ ಸಾರ್ವಜನಿಕರು ಅಕ್ಷರಗಳ ಮೇಲೆ ಸೀಮೆಸುಣ್ಣ ತೀಡುವುದು, ನೀರು ಅಥವಾ ಎಣ್ಣೆ ಸುರಿಯುವುದು ಮತ್ತು ಬಂಡೆಯ ಬಳಿ ಬೆಂಕಿ ಹಾಕುವುದನ್ನು ಮಾಡಬಾರದೆಂದು ಕೋರಲಾಗಿದೆ.