ನುಲಿಯ ಚಂದಯ್ಯ

12ನೆಯ ಶತಮಾನದ ಶಿವಶರಣರಲ್ಲಿ ಬಸವಣ್ಣನವರನ್ನೂ ಪ್ರಭುದೇವರನ್ನೂ ಅರಿಯದವರು ವಿರಳ. ಅವರ ಸಮಕಾಲೀನನಾಗಿ, ಹುಲ್ಲು ಕೊಯ್ದು ಹಗ್ಗ ಹೊಸೆದು ಬಾಳಿದ ಚಂದಯ್ಯನ ಹೆಸರನ್ನು ಕೇಳಿದವರುಂಟು. ಆತನು ವಚನಕಾರನೂ ಆಗಿದ್ದನೆಂಬುದನ್ನು ಬಲ್ಲವರು ಕಡಿಮೆ. ಚಂದೇಶ್ವರಲಿಂಗವೆಂಬ ಅಂಕಿತದಲ್ಲಿ ಆತನ 48 ವಚನಗಳು ದೊರೆತಿವೆ.

ಆತನ ಹುಟ್ಟೂರು ವಿಜಯಪುರ ಜಿಲ್ಲೆಯ ಶಿವಣಗಿ ಎಂದು ಪ್ರತೀತಿ. ಕಲ್ಯಾಣಕ್ಕೆ ಬಂದ ಮೇಲೆ ಆತನ ದಿನಚರಿ ಒಂದೇ ಬಗೆಯದು. ಕೆರೆಯ ಹುಲ್ಲನ್ನು ಕೊಯ್ದು ತರುವುದು, ಹಗ್ಗ ಕಣ್ಣಿಗಳನ್ನು ನುಲಿಯುವುದು, ಮಾರಿ ಬಂದುದರಲ್ಲಿ ಜಂಗಮದಾಸೋಹ ನಡೆಸಿ ಪ್ರಸಾದವನ್ನು ಸ್ವೀಕರಿಸುವುದು.

ಒಮ್ಮೆ ಹುಲ್ಲು ಕೊಯ್ಯಲು ಬಾಗಿದಾಗ ಇಷ್ಟಲಿಂಗವು ಕಳಚಿ ನೀರಿಗೆ ಬಿದ್ದಿತು. ಲಿಂಗವು ಅಂಗವನ್ನಗಲಿದರೆ ಪ್ರಾಣವನ್ನೇ ಬಿಡಬೇಕೆಂಬ ನಿಷ್ಠೆಯುಳ್ಳವರಿದ್ದ ಕಾಲವದು. ಚಂದಯ್ಯನಾದರೋ ಹುಡುಕಲಿಲ್ಲ, ಹೊತ್ತು ಮೀರಿದರೆ ದಾಸೋಹಕ್ಕೆ ತಡವಾಗುವುದೆಂದು ಹೊರೆ ಹೊತ್ತು ನಡೆದನು. ಲಿಂಗವೇ ಬೆನ್ನಹಿಂದೆ ಬಂದು ತನ್ನನ್ನು ಧರಿಸಬೇಕೆಂದು ಬೇಡಿತಂತೆ. ಬಿಟ್ಟು ಹೋದುದು ತನಗೆ ಬೇಡವೆಂದನು ಚಂದಯ್ಯ. ಮಡಿವಾಳ ಮಾಚಯ್ಯನು ನಡುವೆ ಬಂದು, ಲಿಂಗವನ್ನು ತೊರೆದ ಕಾಯಕವು ಬರಿಯ ದುಡಿಮೆಯಾದೀತೆಂದು ತಿಳಿಹೇಳಿದ ಮೇಲೆ ಒಪ್ಪಿದನು. ಆದರೆ ಲಿಂಗವೂ ಕಾಯಕ ಮಾಡಬೇಕು, ಹಗ್ಗವನ್ನು ಹೊತ್ತು ಮಾರಿಬರಬೇಕು ಎಂಬ ಕರಾರಿನ ಮೇಲೆ! ಲಿಂಗವು ಹಗ್ಗವನ್ನು ಬಸವಣ್ಣನವರಲ್ಲಿಗೆ ಒಯ್ದು ಸಾವಿರ ಹೊನ್ನು ತಂದಿತೆಂದೂ, ಹಗ್ಗದ ಬೆಲೆಗೆ ಮೀರಿದ ಆ ಹಣವನ್ನು ಚಂದಯ್ಯನು ಮುಟ್ಟಲಿಲ್ಲವೆಂದೂ ಹೇಳುವರು.

ಇದು ಲಿಂಗನಿಂದೆಯಲ್ಲವೇ ಎಂದು ಶಂಕಿಸುವವರು ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯನ್ನು ನೋಡಬೇಕು. ಅಲ್ಲಿ ಚಂದಯ್ಯನ ಪ್ರಸಂಗಕ್ಕೆಂದೇ ಒಂದು ಭಾಗವು ಮೀಸಲಾಗಿದೆ. ಆತನ ವಚನಗಳಾದರೂ ಇದನ್ನೇ ಸಾರುತ್ತವೆ: ಗುರುವಿಗಾಗಲಿ ಲಿಂಗಕ್ಕಾಗಲಿ ಜಂಗಮಕ್ಕಾಗಲಿ ಕಾಯಕದಿಂದ ವಿನಾಯಿತಿಯಿಲ್ಲ. ಪರರನ್ನು ಪೀಡಿಸಿ, ಕಂಡಕಂಡವರಲ್ಲಿ ಬೇಡಿ ತಂದು ಮಾಡುವ ದಾಸೋಹವನ್ನು ಆತನು ಲಿಂಗಕ್ಕೆ ಸಲ್ಲದೆಂದು ತಳ್ಳಿಹಾಕುವನು. ಕಾಣಿಕೆಯಿಂದ ನಡೆಯುವ ಮಠಗಳಿಗೆ ಈ ಮಾತು ಕಹಿಯಾಗಿ ತೋರಬಹುದು, ಹಾಗೆಂದು ಮುಚ್ಚಿಡತಕ್ಕುದಲ್ಲ.

1167ರ ಸುಮಾರಿಗೆ ಕಲ್ಯಾಣದಲ್ಲಿ ಕೋಲಾಹಲವೆದ್ದಾಗ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚಂದಯ್ಯನು ಅಕ್ಕನಾಗಮ್ಮನವರೊಡನೆ ಉಳವಿಯ ದಾರಿ ಹಿಡಿದನೆಂದೂ, ಮುಂದೆ ಇಂದಿನ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ ಐಕ್ಯನಾದನೆಂದೂ ಪರಂಪರೆಯು ತಿಳಿಸುತ್ತದೆ. ಬುಟ್ಟಿ ಹೆಣೆದು ಹಗ್ಗ ಹೊಸೆದು ಬಾಳಿದ ಕುಳುವ, ಕೊರಮ ಜನಾಂಗದವರು ಆತನನ್ನು ತಮ್ಮ ಕುಲಗುರುವೆಂದು ಭಾವಿಸಿ, ನೂಲಹುಣ್ಣಿಮೆಯಂದು ಆತನ ಜಯಂತಿಯನ್ನು ಆಚರಿಸುತ್ತಾರೆ.