ಅರಮನೆ ಆಡಿದ ಮಾತು

ನಾಲ್ವಡಿ ಕೃಷ್ಣರಾಜ ಒಡೆಯರೆಂದರೆ ಶ್ರೀರಂಗಪಟ್ಟಣ, ಪಾಂಡವಪುರದ ರೈತರಿಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ನನಗೆ 1918ನೆಯ ಇಸವಿಯೂ ನೆನಪಾಗುತ್ತದೆ.

1884ರಲ್ಲಿ ಜನಿಸಿ, ಹತ್ತನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು 1902ರಲ್ಲಿ ರಾಜ್ಯಭಾರ ವಹಿಸಿಕೊಂಡರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿಸಿದರು. ಆದರೆ ವಿದ್ಯೆ, ಹುದ್ದೆಗಳೆರಡೂ ಬಹುಪಾಲು ಬ್ರಾಹ್ಮಣರಲ್ಲೇ ಉಳಿದಿದ್ದವು. ಹಿಂದುಳಿದವರ ಅಹವಾಲು ಆಲಿಸಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅದನ್ನೊಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಅದೇ ವರ್ಷ ಪದವಿ ತೊರೆದರು; ಅರಸರು ಹಿಂಜರಿಯಲಿಲ್ಲ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧವಾದರೂ ಹಿಂದುಳಿದವರಿಗೆ ಸಲ್ಲಬೇಕೆಂದು ಸಮಿತಿ ಸಲಹೆಯಿತ್ತಿತು. 1940ರಲ್ಲಿ ಅರಸರು ತೀರಿಕೊಂಡರು.

ಇಂದು ಕೆ.ಆರ್.ಪೇಟೆ, ನಾಗಮಂಗಲಗಳ ರೈತಮಕ್ಕಳೂ ಮಾನಸಗಂಗೋತ್ರಿಯಲ್ಲಿ ಓದುತ್ತಾರೆ. ಆದರೂ ವಿದ್ಯಾಲಯದಲ್ಲಿ ಜಾತಿಯ ಮಾತೆತ್ತುವುದು ಅಸಭ್ಯವೆಂಬ ಸಂಕೋಚ ನಮ್ಮನ್ನು ಬಿಟ್ಟಿಲ್ಲ. ಶತಮಾನದ ಹಿಂದೆ ಅರಮನೆಯೇ ಆಡಿದ ಮಾತನ್ನು ತರಗತಿಯಲ್ಲಿ ಆಡಲು ಅಳುಕೇಕೆ?